ದೂರದ ಬೆಟ್ಟ ನುಣ್ಣಗೆ, ಮೇಲೇರಿದರೆ ಉಸಿರು ಸಣ್ಣಗೆ

ಮೂಗೂರಿನ ಸುತ್ತಮುತ್ತಲಿನವರಿಗೆ ಬೆಟ್ಟ ಹತ್ತುವುದು ಹೊಸ ಸಂಗತಿಯೇನಲ್ಲ. ಹರಕೆ ಹೊತ್ತು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಏರುವವರಿದ್ದಾರೆ. ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲೇ ಹೋಗಿ ಬರುವವರಿದ್ದಾರೆ. ಗೋಪಾಲಸ್ವಾಮಿ ಬೆಟ್ಟದ ಮಂಜಿನಲ್ಲಿ ನಡುಗಿ ಬಂದವರಂತೂ ಮನೆಗೊಬ್ಬರು ಸಿಗುತ್ತಾರೆ. ಹೀಗಿರುವಾಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಫೋನು ಮಾಡಿ, ‘ಹಿಮಾಲಯದಲ್ಲಿ ಒಂದು ಶಿಖರ ಹತ್ತಲು ಹೋಗುತ್ತಿದ್ದೇನೆ, ಜೊತೆಗೆ ಗೈಡ್ ಇರುತ್ತಾರೆ, ಮೊದಲ ಸಲ ಹತ್ತುವವರಿಗೂ ಕಷ್ಟವಿಲ್ಲವಂತೆ’ ಎಂದರೆ ನೀವು ಏನು ಕೇಳುತ್ತೀರಿ? ಸ್ವೆಟರ್ ಇಟ್ಟುಕೊಂಡೆಯಾ ಎನ್ನುತ್ತೀರಿ, ಊಟ ಹೇಗೆ ಎನ್ನುತ್ತೀರಿ, ದುಡ್ಡು ಎಷ್ಟಾಯಿತು ಎನ್ನುತ್ತೀರಿ. ಕೇಳಲೇಬೇಕಾದ ಒಂದು ಪ್ರಶ್ನೆ ಮಾತ್ರ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ: ‘ಇನ್ನು ಸಾಕು, ಇಳಿಯೋಣ ಎಂದು ಹೇಳುವವರು ಯಾರು? ಅವರ ಮಾತಿಗೆ ನೀವೆಲ್ಲ ತಲೆಬಾಗುತ್ತೀರಾ?’

ಈ ವಾರದ ಅಂಕಣ ಆ ಪ್ರಶ್ನೆಯ ಬಗ್ಗೆ. ಹೊಸಬರನ್ನು ಎತ್ತರದ ಹಿಮಶಿಖರಕ್ಕೆ ಕರೆದೊಯ್ಯುವುದು ಸಾಹಸದ ವಿಷಯ ಎಂದು ನಾವು ತಿಳಿದಿದ್ದೇವೆ. ನನ್ನ ಅಭಿಪ್ರಾಯದಲ್ಲಿ ಅದು ಮೊದಲಿಗೆ ಆರೋಗ್ಯದ ವಿಷಯ.

ನಮ್ಮ ಬೆಟ್ಟಗಳು ಕಲಿಸದ ಪಾಠ

ಗೋಪಾಲಸ್ವಾಮಿ ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ೧,೪೫೪ ಮೀಟರ್. ಇಡೀ ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಕೂಡ ೨,೦೦೦ ಮೀಟರ್ ಮುಟ್ಟುವುದಿಲ್ಲ. ಎತ್ತರದ ಕಾಯಿಲೆ ಎಂದು ವೈದ್ಯರು ಕರೆಯುವ ತೊಂದರೆ ಶುರುವಾಗುವುದು ಸುಮಾರು ೨,೫೦೦ ಮೀಟರ್ ದಾಟಿದ ಮೇಲೆ. ಅಂದರೆ ನಮ್ಮ ರಾಜ್ಯದ ಯಾವ ಬೆಟ್ಟ ಹತ್ತಿದರೂ ನಿಮ್ಮ ದೇಹ ಎತ್ತರವನ್ನು ತಾಳುತ್ತದೆಯೋ ಇಲ್ಲವೋ ಎಂಬುದು ತಿಳಿಯುವುದಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ದಿನಾ ಹತ್ತಿದರೆ ತೊಡೆ, ಮೀನಖಂಡ, ಹೃದಯ ಗಟ್ಟಿಯಾಗುತ್ತವೆ. ಅದು ಬೇಕು, ಒಳ್ಳೆಯದೇ. ಆದರೆ ತೆಳುಗಾಳಿಗೆ ಒಗ್ಗುವ ಕೆಲಸ ತೆಳುಗಾಳಿಯಲ್ಲಿ ಮಾತ್ರ ನಡೆಯುತ್ತದೆ. ಅದಕ್ಕೆ ದಿನಗಳು ಬೇಕು.

ಗಾಳಿ ತೆಳುವಾಗುವುದು ಎಂದರೇನು? ಎಷ್ಟೇ ಎತ್ತರಕ್ಕೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ನೂರಕ್ಕೆ ಸುಮಾರು ೨೧ರಷ್ಟೇ ಇರುತ್ತದೆ. ಕಡಿಮೆಯಾಗುವುದು ಗಾಳಿಯ ಒತ್ತಡ. ಸುಮಾರು ೫,೫೦೦ ಮೀಟರ್ ಎತ್ತರದಲ್ಲಿ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಅಲ್ಲಿ ಎಳೆದುಕೊಂಡ ಒಂದು ಉಸಿರಿನಲ್ಲಿ ದೊರೆಯುವ ಪ್ರಾಣವಾಯು ಇಲ್ಲಿನ ಅರ್ಧ ಉಸಿರಿನಷ್ಟು. ಮನಾಲಿಯ ಸಮೀಪದ ಫ್ರೆಂಡ್‌ಶಿಪ್ ಪೀಕ್ ಎಂಬ ಶಿಖರವನ್ನು ಮೊದಲ ಸಲ ಹತ್ತುವವರಿಗೆ ಸೂಚಿಸುವುದುಂಟು. ಅದರ ಎತ್ತರ ೫,೨೮೯ ಮೀಟರ್. ಹೆಸರಿನಲ್ಲಿ ಸ್ನೇಹವಿದ್ದರೂ ಅಲ್ಲಿನ ಗಾಳಿ ಯಾರಿಗೂ ರಿಯಾಯಿತಿ ತೋರಿಸುವುದಿಲ್ಲ.

ಶಿಖರದ ಗೋಜಿಗೆ ಹೋಗದ ಹಿರಿಯರಿಗೂ ಈ ಮಾತು ಅನ್ವಯಿಸುತ್ತದೆ. ಕೇದಾರನಾಥ ಸುಮಾರು ೩,೫೮೦ ಮೀಟರ್ ಎತ್ತರದಲ್ಲಿದೆ. ನಡಿಗೆ ಆರಂಭವಾಗುವ ಗೌರಿಕುಂಡ ಸುಮಾರು ೨,೦೦೦ ಮೀಟರ್. ಒಂದೇ ದಿನದಲ್ಲಿ ಒಂದೂವರೆ ಸಾವಿರ ಮೀಟರ್‌ಗೂ ಹೆಚ್ಚು ಏರಿ ಅಲ್ಲೇ ಮಲಗುವುದು, ಇಲ್ಲವೇ ಹೆಲಿಕಾಪ್ಟರಿನಲ್ಲಿ ಕೆಲವೇ ನಿಮಿಷಗಳಲ್ಲಿ ಮೇಲಿಳಿಯುವುದು, ಎರಡೂ ದೇಹಕ್ಕೆ ದಿಢೀರ್ ಏಟೇ.

‘ಪಿತ್ತ ಕೆದರಿರಬೇಕು’ ಎಂಬ ಅಪಾಯದ ಮಾತು

ಎತ್ತರಕ್ಕೆ ಬಂದ ಆರರಿಂದ ಹನ್ನೆರಡು ಗಂಟೆಯೊಳಗೆ ಸಾಮಾನ್ಯವಾಗಿ ತಲೆನೋವು ಶುರುವಾಗುತ್ತದೆ. ಜೊತೆಗೆ ಊಟ ಸೇರದಿರುವುದು, ವಾಕರಿಕೆ, ತಲೆಸುತ್ತು, ವಿಪರೀತ ಆಯಾಸ, ನಿದ್ದೆ ಬಾರದಿರುವುದು. ನಮ್ಮವರು ಇದಕ್ಕೆ ಕೂಡಲೇ ಹೆಸರಿಡುತ್ತಾರೆ. ತಲೆನೋವು, ವಾಂತಿ ಎಂದರೆ ಪಿತ್ತ. ಹೊಟ್ಟೆ ಉಬ್ಬರವೆಂದರೆ ಗ್ಯಾಸ್ಟ್ರಿಕ್. ಕೆಮ್ಮು ಬಂದರೆ ಶೀತ. ಮಂಕಾಗಿ ಕುಳಿತರೆ ದಣಿವು. ಊರಿನಲ್ಲಿ ಇವೆಲ್ಲ ನಿಜವಿರಬಹುದು. ೩,೦೦೦ ಮೀಟರ್ ಮೇಲೆ ಮಾತ್ರ ಬೇರೆ ಕಾರಣ ಖಚಿತವಾಗುವವರೆಗೆ ಇದನ್ನು ಎತ್ತರದ ಕಾಯಿಲೆ ಎಂದೇ ತಿಳಿಯಬೇಕು.

ಈ ಹಂತದಲ್ಲಿ ಅಲ್ಲೇ ನಿಂತು ಒಂದೆರಡು ದಿನ ವಿಶ್ರಾಂತಿ ಪಡೆದರೆ ಬಹುಪಾಲು ಜನ ಸುಧಾರಿಸಿಕೊಳ್ಳುತ್ತಾರೆ. ಲಕ್ಷಣಗಳನ್ನು ಮುಚ್ಚಿಟ್ಟು ಮೇಲೇರಿದವರಿಗೆ ಎರಡು ಮಾರಕ ತೊಂದರೆಗಳು ಕಾದಿರುತ್ತವೆ. ಮೊದಲನೆಯದು ಶ್ವಾಸಕೋಶದಲ್ಲಿ ನೀರು ತುಂಬುವುದು. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ನೀಲಿಗಟ್ಟಿದ ತುಟಿ, ಮುಂದೆ ನೊರೆಯಂತಹ ಕಫ ಇದರ ಗುರುತು. ಎರಡನೆಯದು ಮಿದುಳಿನ ಊತ. ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ, ಕುಡಿದವರಂತೆ ವಾಲಾಡುತ್ತಾರೆ, ಕೊನೆಗೆ ಎಚ್ಚರ ತಪ್ಪುತ್ತಾರೆ. ಇದನ್ನು ಪತ್ತೆ ಹಚ್ಚಲು ಯಂತ್ರ ಬೇಕಿಲ್ಲ. ನೆಲದ ಮೇಲೆ ಒಂದು ಗೆರೆ ಎಳೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ ನಡೆಯಲು ಹೇಳಿ. ಗೆರೆ ತಪ್ಪಿದರೆ ಸಂಶಯ ಬೇಡ, ಕೆಳಗಿಳಿಸಿ.

ಇಳಿಯುವುದೇ ನಿಜವಾದ ಚಿಕಿತ್ಸೆ. ಸಾಮಾನ್ಯವಾಗಿ ೩೦೦ರಿಂದ ೧,೦೦೦ ಮೀಟರ್ ಇಳಿಯುವಷ್ಟರಲ್ಲಿ ಲಕ್ಷಣಗಳು ತಗ್ಗತೊಡಗುತ್ತವೆ. ಆಮ್ಲಜನಕದ ಸಿಲಿಂಡರ್, ಇಂಜೆಕ್ಷನ್, ಗಾಳಿ ತುಂಬಿ ಒತ್ತಡ ಹೆಚ್ಚಿಸುವ ಚೀಲ ಇವೆಲ್ಲ ಇಳಿಯುವವರೆಗೆ ಜೀವ ಹಿಡಿದಿಡುವ ಸಾಧನಗಳು. ಇಲ್ಲಿ ಅತ್ಯಂತ ಅಪಾಯದ ವಾಕ್ಯ ಯಾವುದು ಗೊತ್ತೆ? ‘ಮಲಗಲಿ ಬಿಡಿ, ಬೆಳಿಗ್ಗೆ ಹೊತ್ತಿಗೆ ಸರಿಹೋಗ್ತಾರೆ.’ ಉಸಿರಾಟ ಕೆಟ್ಟವರನ್ನೂ ನಡಿಗೆ ತಪ್ಪಿದವರನ್ನೂ ಕತ್ತಲಾಯಿತೆಂದು ಹಾಗೆಯೇ ಮಲಗಿಸಬಾರದು. ಹಗ್ಗ, ದೀಪ, ಜನ ಎಲ್ಲವನ್ನೂ ಕೂಡಿಸಿ, ದಾರಿ ಸುರಕ್ಷಿತವಾಗಿದ್ದರೆ ಆ ರಾತ್ರಿಯೇ ಇಳಿಸಬೇಕು. ಒಂಟಿಯಾಗಿಯಂತೂ ಎಂದೂ ಕಳಿಸಬಾರದು.

ಗಾಳಿಯಷ್ಟೇ ಅಲ್ಲ, ಚಳಿಯೂ

೨೦೨೪ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣದಿಂದ ಬಂದ ಸುದ್ದಿ ನಿಮಗೆ ನೆನಪಿರಬಹುದು. ಸುಮಾರು ೪,೪೦೦ ಮೀಟರ್ ಎತ್ತರದ ಪ್ರದೇಶದಲ್ಲಿ, ಹೆಚ್ಚಿನವರು ಕರ್ನಾಟಕದವರೇ ಆಗಿದ್ದ ೨೨ ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿಬಿತ್ತು. ೯ ಮಂದಿ ಅಲ್ಲೇ ತೀರಿಕೊಂಡರು. ಉಳಿದವರನ್ನು ಪಾರುಮಾಡಿ ತರಲು ವಾಯುಪಡೆಯ ಹೆಲಿಕಾಪ್ಟರುಗಳು ಹೋಗಬೇಕಾಯಿತು. ಅದು ಶಿಖರಾರೋಹಣವಲ್ಲ, ಚಾರಣ. ಹಿಂದೆ ಬೆಟ್ಟ ತಿರುಗಿದ ಅನುಭವವಿದ್ದವರೂ ಆ ತಂಡದಲ್ಲಿದ್ದರು. ಹೊಣೆ ಯಾರದೆಂದು ತೂಗುವುದು ಈ ಅಂಕಣದ ಕೆಲಸವಲ್ಲ. ಆರೋಗ್ಯದ ದೃಷ್ಟಿಯಿಂದ ಅಲ್ಲಿ ಕಲಿಯಬೇಕಾದದ್ದು ಒಂದಿದೆ: ಎತ್ತರದಲ್ಲಿ ಹವೆ ಕೆಟ್ಟರೆ ಚಳಿ ಕೆಲವೇ ಗಂಟೆಗಳಲ್ಲಿ ಜೀವ ತೆಗೆಯುತ್ತದೆ.

ಪ್ರತಿ ೧,೦೦೦ ಮೀಟರ್ ಏರಿದಂತೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಗಾಳಿ ಬೀಸಿದರೆ, ಬಟ್ಟೆ ನೆನೆದರೆ ದೇಹದ ಶಾಖ ಬೇಗ ಸೋರಿಹೋಗುತ್ತದೆ. ಮೊದಲು ನಡುಕ, ಆಮೇಲೆ ಕೈ ತಡವರಿಸುವುದು, ಕಾಲು ಎಡವುವುದು, ಮಾತು ಗೊಣಗುವುದು. ನಡುಗುತ್ತಿದ್ದವರ ನಡುಕ ತಾನಾಗಿ ನಿಂತರೆ ಸುಧಾರಿಸಿದರೆಂದು ಸಮಾಧಾನ ಪಡಬೇಡಿ. ಬಿಸಿ ಮಾಡದೆಯೇ ನಡುಕ ನಿಂತಿತೆಂದರೆ ದೇಹ ಸೋಲುತ್ತಿದೆ ಎಂದರ್ಥ. ಗಾಳಿಯಿಂದ ಮರೆಮಾಡಿ, ಒದ್ದೆ ಬಟ್ಟೆ ತೆಗೆದು ಒಣಬಟ್ಟೆ ಹೊದಿಸಿ, ನೆಲದ ತಣ್ಣಗೆ ತಾಗದಂತೆ ಕೆಳಗೆ ದಪ್ಪಗೆ ಹಾಸಿ. ಎಚ್ಚರವಿದ್ದು ನುಂಗಲು ಆಗುವುದಾದರೆ ಸಿಹಿ ಬೆರೆಸಿದ ಬಿಸಿ ಪಾನೀಯ ಕೊಡಿ. ಕೈಕಾಲು ಉಜ್ಜಬೇಡಿ, ಬ್ರಾಂದಿ ಕುಡಿಸಬೇಡಿ. ಮದ್ಯ ಚರ್ಮಕ್ಕೆ ಬಿಸಿಯೆನಿಸಿದರೂ ಒಳಗಿನ ಶಾಖವನ್ನು ಹೊರಕ್ಕೆ ಕಳೆಯುತ್ತದೆ.

ನಮಗೆ ಪ್ರಿಯವಾದ ಹತ್ತಿ ಬಟ್ಟೆ ಇಲ್ಲಿ ಶತ್ರು. ಬೆವರಿನಲ್ಲೋ ಮಳೆಯಲ್ಲೋ ನೆನೆದ ಹತ್ತಿ ಒಣಗುವುದಿಲ್ಲ, ಮೈಯ ಶಾಖವನ್ನೂ ಉಳಿಸುವುದಿಲ್ಲ. ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆ ಒಳಗೆ, ಗಾಳಿ ಮಳೆ ತಡೆಯುವ ಅಂಗಿ ಹೊರಗೆ ಇರಲಿ. ದರ್ಶನವಾಗುವವರೆಗೆ ಉಪವಾಸವಿರುವ ಪದ್ಧತಿಯನ್ನು ಎತ್ತರದ ಯಾತ್ರೆಯಲ್ಲಿ ಬಿಡುವುದು ಮೇಲು. ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಮೈ ಕಾಯುವುದಿಲ್ಲ. ಮುದ್ದೆ ಸಿಗದಿದ್ದರೂ ಜೇಬಿನಲ್ಲಿ ಕಡಲೆಕಾಯಿ ಚಿಕ್ಕಿ, ಕೊಬ್ಬರಿ ಬೆಲ್ಲ, ಹುರಿಹಿಟ್ಟು ಇದ್ದರೆ ಸಾಕು.

ಅಂಬಿಗನಂತಹ ಮಾರ್ಗದರ್ಶಿ

ತಿರುಮಕೂಡಲಿನ ಸಂಗಮದಲ್ಲಿ ಕಾವೇರಿ, ಕಪಿಲೆ ಎರಡೂ ತುಂಬಿ ಹರಿಯುವಾಗ ಅಂಬಿಗ ಹರಿಗೋಲನ್ನು ದಡಕ್ಕೆ ಎಳೆದು ಕಟ್ಟಿದನೆಂದರೆ ಯಾರಾದರೂ ಅವನೊಡನೆ ಜಗಳಕ್ಕೆ ನಿಲ್ಲುತ್ತಾರೆಯೆ? ‘ಇವತ್ತು ಆಗಲ್ಲ ಸ್ವಾಮಿ’ ಎಂದರೆ ಮುಗಿಯಿತು. ಹೊಳೆ ಅವನಿಗೆ ಗೊತ್ತು ಎಂಬ ನಂಬಿಕೆ ನಮಗಿದೆ. ಬೆಟ್ಟದ ಗೈಡಿನ ವಿಷಯದಲ್ಲಿ ಮಾತ್ರ ಈ ವಿವೇಕ ಮಾಯವಾಗುತ್ತದೆ. ದುಡ್ಡು ಕೊಟ್ಟಿದ್ದೇವೆ, ರಜ ಹಾಕಿದ್ದೇವೆ, ಊರಿನಲ್ಲಿ ಹೇಳಿ ಬಂದಿದ್ದೇವೆ, ಶಿಖರ ಮುಟ್ಟಿಸಲೇಬೇಕು ಎಂಬ ಹಟ.

ಈ ಹಟ ಹೊಸದೂ ಅಲ್ಲ, ನಮ್ಮವರದು ಮಾತ್ರವೂ ಅಲ್ಲ. ಯುರೋಪಿನ ಆಲ್ಪ್ಸ್ ಪರ್ವತಗಳ ಮೋಂ ಬ್ಲಾಂ ಶಿಖರವನ್ನು ೧೭೮೬ರಲ್ಲಿ ಮೊದಲು ಏರಿದವರಲ್ಲಿ ಒಬ್ಬರು ವೈದ್ಯ ಪಕಾರ್, ಇನ್ನೊಬ್ಬರು ಅದೇ ಶಾಮನಿ ಕಣಿವೆಯ ಬಾಲ್ಮಾ. ೧೮೨೦ರಲ್ಲಿ ಹಾಮೆಲ್ ಎಂಬ ರಷ್ಯದ ವಿಜ್ಞಾನಿಯ ತಂಡ ಅದೇ ಶಿಖರಕ್ಕೆ ಹೊರಟಿತು. ಹವೆ ಕೆಟ್ಟಿತ್ತು, ಗೈಡುಗಳು ಹಿಂದೇಟು ಹಾಕಿದರು. ಆದರೂ ತಂಡ ಮುಂದುವರಿಯಿತು. ಹಿಮ ಕುಸಿದು ಮೂವರು ಗೈಡುಗಳು ಸತ್ತರು. ಮರುವರ್ಷ, ೧೮೨೧ರಲ್ಲಿ, ಶಾಮನಿಯ ಗೈಡುಗಳು ತಮ್ಮದೇ ಸಂಘ ಕಟ್ಟಿಕೊಂಡು ಕಟ್ಟುಪಾಡು ಹಾಕಿಕೊಂಡರು. ಆ ಸಂಘ ಇಂದಿಗೂ ಇದೆ. ಗಿರಾಕಿಯ ಹಟಕ್ಕೆ ಗೈಡಿನ ಪ್ರಾಣವೂ ಬಲಿಯಾಗುತ್ತದೆ ಎಂಬುದು ಇನ್ನೂರು ವರ್ಷ ಹಳೆಯ ಪಾಠ.

೧೯೯೬ರ ಮೇ ೧೦, ೧೧ರಂದು ಎವರೆಸ್ಟಿನಲ್ಲಿ ಎಂಟು ಮಂದಿ ಸತ್ತಾಗಲೂ ಇದೇ ಕಥೆ. ಮಧ್ಯಾಹ್ನದ ಇಂತಿಷ್ಟು ಹೊತ್ತಿಗೆ ಎಲ್ಲಿದ್ದರೂ ಹಿಂತಿರುಗಬೇಕು ಎಂಬ ನಿಯಮ ಮೀರಿ ಹಲವರು ಮೇಲೇರಿದರು. ಸತ್ತವರಲ್ಲಿ ರಾಬ್ ಹಾಲ್, ಸ್ಕಾಟ್ ಫಿಶರ್ ಎಂಬ ಇಬ್ಬರು ಹೆಸರಾಂತ ಗೈಡುಗಳೂ ಇದ್ದರು. ಎಷ್ಟೇ ಅನುಭವವಿದ್ದರೂ ಮೇಲೆ ನಿಂತು ಮಾಡುವ ತೀರ್ಮಾನ ದುರ್ಬಲವಾಗಿರುತ್ತದೆ. ಕಾರಣ, ಅಲ್ಲಿ ಮಿದುಳಿಗೇ ಆಮ್ಲಜನಕ ಸಾಲದು. ಆದ್ದರಿಂದ ಹಿಂತಿರುಗುವ ಹೊತ್ತನ್ನು ಕೆಳಗೇ, ತಲೆ ತಿಳಿಯಾಗಿರುವಾಗಲೇ ನಿಗದಿ ಮಾಡಬೇಕು.

ಒಳ್ಳೆಯ ಗೈಡನ್ನು ಗುರುತಿಸುವುದು ಹೇಗೆ? ಅವನು ನಿಧಾನವಾಗಿ ನಡೆಸುತ್ತಾನೆ. ನಡೆಯುತ್ತಲೇ ಮಾತಾಡಲು ಆಗದಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದು ತಿಳಿಯುತ್ತಾನೆ. ತಂಡದ ಅತ್ಯಂತ ದುರ್ಬಲರನ್ನು ತನ್ನ ಬೆನ್ನ ಹಿಂದೆಯೇ ಇಟ್ಟುಕೊಳ್ಳುತ್ತಾನೆ, ಕೊನೆಯವರ ಹಿಂದೆ ತನ್ನ ಒಬ್ಬ ಸಹಾಯಕನನ್ನು ಬಿಡುತ್ತಾನೆ. ಬೆಳಿಗ್ಗೆ ಪ್ರತಿಯೊಬ್ಬರನ್ನೂ ಬೇರೆಯಾಗಿ ಕರೆದು ತಲೆನೋವು, ಊಟ, ನಿದ್ದೆ, ಮೂತ್ರದ ಬಗ್ಗೆ ವಿಚಾರಿಸುತ್ತಾನೆ. ಎಲ್ಲರ ಮುಂದೆ ಕೇಳಿದರೆ ಯಾರೂ ನಿಜ ಹೇಳುವುದಿಲ್ಲವೆಂದು ಅವನಿಗೆ ಗೊತ್ತು. ಹೊಸಬರಿಗೆ ಹಿಮದಲ್ಲಿ ಜಾರಿದಾಗ ನಿಲ್ಲುವುದು, ಹಗ್ಗ ಹಿಡಿಯುವುದು, ಮುಳ್ಳುಹಲ್ಲಿನ ಬೂಟಿನಲ್ಲಿ ನಡೆಯುವುದು ಇವನ್ನು ಕಲಿಸದೆ ಶಿಖರದ ದಿನಕ್ಕೆ ಕೈ ಹಾಕುವುದಿಲ್ಲ. ಉತ್ತರಕಾಶಿ, ಡಾರ್ಜಿಲಿಂಗ್‌ಗಳಲ್ಲಿರುವ ಸರ್ಕಾರಿ ಪರ್ವತಾರೋಹಣ ಸಂಸ್ಥೆಗಳು ಮೂಲ ತರಬೇತಿಗೇ ಸುಮಾರು ನಾಲ್ಕು ವಾರ ತೆಗೆದುಕೊಳ್ಳುತ್ತವೆ ಎಂಬುದನ್ನು ನೆನೆದರೆ, ವಾರದೊಳಗೆ ಶಿಖರ ಎಂಬ ಜಾಹೀರಾತನ್ನು ಎಷ್ಟು ನಂಬಬೇಕೆಂದು ನೀವೇ ಊಹಿಸಬಹುದು.

ಹೋಗುವವರ ಕರ್ತವ್ಯ

ಗೈಡಿಗೆ ನಿಜ ಹೇಳುವುದು ಹೋಗುವವರ ಮೊದಲ ಕರ್ತವ್ಯ. ಹೃದ್ರೋಗ, ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಉಬ್ಬಸ, ಸಕ್ಕರೆ ಕಾಯಿಲೆ, ಗರ್ಭ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು, ಮೈಗೆ ತಾಗುವಂತೆ ಇಟ್ಟುಕೊಳ್ಳಬೇಕು. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಸಾಮಾನ್ಯ, ಹೊರಡುವ ಮುನ್ನ ಹಿಮೋಗ್ಲೋಬಿನ್ ಪರೀಕ್ಷೆ ಆಗಲಿ. ಮೈಸೂರು, ಚಾಮರಾಜನಗರ ಜಿಲ್ಲೆಗಳ ಗಿರಿಜನರಲ್ಲಿ ಕಾಣುವ ಸಿಕಲ್ ಸೆಲ್ ಎಂಬ ರಕ್ತದ ದೋಷ ಇನ್ನೊಂದು. ಕಾಯಿಲೆಯಿಲ್ಲದೆ ಅದರ ಅಂಶ ಮಾತ್ರ ಇರುವವರಿಗೂ ಎತ್ತರದಲ್ಲಿ ಗುಲ್ಮಕ್ಕೆ ಪೆಟ್ಟಾಗಿ ತೀವ್ರ ಹೊಟ್ಟೆನೋವು ಬರಬಹುದು. ಮನೆತನದಲ್ಲಿ ಈ ದೋಷವಿದ್ದರೆ ಪರೀಕ್ಷೆ ಮಾಡಿಸದೆ ಹೋಗಬಾರದು. ಹಿಂದೊಮ್ಮೆ ಎತ್ತರದಲ್ಲಿ ಕಾಯಿಲೆ ಬಿದ್ದವರಿಗೆ ಮತ್ತೆ ಬರುವ ಸಂಭವ ಹೆಚ್ಚು, ಅದನ್ನಂತೂ ಮುಚ್ಚಿಡಲೇಬಾರದು. ಯುವಕರಿಗೆ, ಓಟಗಾರರಿಗೆ ಇದು ಬಾರದೆಂಬ ನಂಬಿಕೆ ಸುಳ್ಳು. ಮೈಕಟ್ಟು ಇದ್ದವರೇ ಬಿರುಸಾಗಿ ಹತ್ತಿ ಬೇಗ ಮಲಗುವುದುಂಟು.

ಅಸೆಟಜೋಲಮೈಡ್ ಎಂಬ ಮಾತ್ರೆ ಉಸಿರಾಟ ಹೆಚ್ಚಿಸಿ ದೇಹ ಬೇಗ ಒಗ್ಗಲು ನೆರವಾಗುತ್ತದೆ. ಬೆರಳು ಜುಮುಗುಟ್ಟುವುದು, ಪದೇ ಪದೇ ಮೂತ್ರ ಬರುವುದು ಅದರ ಗುಣ. ಸಲ್ಫಾ ಔಷಧಿ ಒಗ್ಗದವರು ಮೊದಲೇ ವೈದ್ಯರಿಗೆ ಹೇಳಬೇಕು, ಅವರ ಸಲಹೆಯಿಲ್ಲದೆ ಅಂಗಡಿಯಿಂದ ಕೊಂಡು ನುಂಗಬಾರದು. ನಿದ್ದೆ ಬಾರದೆಂದು ನಿದ್ರೆ ಮಾತ್ರೆ ತೆಗೆದುಕೊಂಡರೆ ಉಸಿರಾಟ ಮತ್ತಷ್ಟು ಕುಗ್ಗುತ್ತದೆ. ಕರ್ಪೂರ ಮೂಸಿದರೆ ಹಿತವೆನಿಸಬಹುದು, ರಕ್ತದ ಆಮ್ಲಜನಕ ಏರುವುದಿಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿಗೆ ಸಿಕ್ಕಿಸುವ ಯಂತ್ರವನ್ನೂ ಪೂರ್ತಿ ನೆಚ್ಚಬೇಡಿ. ಎತ್ತರದಲ್ಲಿ ಅಂಕಿ ಕಡಿಮೆಯಿರುವುದು ಸಹಜ, ತಣ್ಣಗಾದ ಬೆರಳಿನಲ್ಲಿ ಅದು ತಪ್ಪು ತೋರಿಸುತ್ತದೆ. ಯಂತ್ರಕ್ಕಿಂತ ಮನುಷ್ಯನ ನಡಿಗೆ, ಮಾತು ನೋಡಿ.

ಭಾಷೆಯ ತೊಡಕನ್ನೂ ಮರೆಯಬೇಡಿ. ನಾವು ‘ಸುಸ್ತು’ ಎಂದರೆ ಆಯಾಸ. ಹಿಂದಿಯಲ್ಲಿ ‘ಸುಸ್ತ್’ ಎಂದರೆ ಸೋಮಾರಿ, ಜಡ. ಗಢವಾಲದ ಗೈಡಿನ ಮುಂದೆ ನಮ್ಮವರು ‘ಬಹುತ್ ಸುಸ್ತ್’ ಎಂದರೆ ಅವನು ನಕ್ಕು ‘ಚಲೋ, ಚಲೋ’ ಎಂದಾನು. ತಲೆನೋವಿಗೆ ‘ಸಿರ್ ದರ್ದ್’, ತಲೆಸುತ್ತಿಗೆ ‘ಚಕ್ಕರ್’, ವಾಂತಿಗೆ ‘ಉಲ್ಟಿ’, ಏದುಸಿರಿಗೆ ‘ಸಾಂಸ್ ಫೂಲ್ ರಹೀ ಹೈ’. ಈ ನಾಲ್ಕು ಮಾತು ಕಲಿತು ಹೋಗಿ. ತಂಡದಲ್ಲಿ ಎರಡೂ ಭಾಷೆ ಬಲ್ಲವರೊಬ್ಬರು ಇರಲಿ.

ಒಂದು ಲೆಕ್ಕ, ಒಂದು ಕರಾರು

ಹಣ ಕಟ್ಟುವ ಮುನ್ನ ಸಂಘಟಕರಿಂದ ಒಂದು ಚೀಟಿ ಕೇಳಿ. ಯಾವ ರಾತ್ರಿ ಎಷ್ಟು ಮೀಟರ್ ಎತ್ತರದಲ್ಲಿ ಮಲಗುತ್ತೇವೆ ಎಂಬುದು ಅದರಲ್ಲಿರಲಿ. ೩,೦೦೦ ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ ೫೦೦ ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಒಂದು ದಿನ ವಿಶ್ರಾಂತಿ ಬೇಕು. ಹಗಲು ಇನ್ನಷ್ಟು ಮೇಲೆ ಹೋಗಿ ರಾತ್ರಿ ಕೆಳಗೆ ಬಂದು ಮಲಗಿದರೆ ತಪ್ಪಿಲ್ಲ. ಈ ಲೆಕ್ಕದಲ್ಲಿ ೩,೦೦೦ ಮೀಟರಿನಲ್ಲಿ ಮಲಗಿದವರು ೪,೫೦೦ ಮೀಟರಿನಲ್ಲಿ ಮಲಗಲು ವಿಶ್ರಾಂತಿಯೂ ಸೇರಿ ನಾಲ್ಕು ದಿನ ಬೇಕು. ಚೀಟಿಯಲ್ಲಿ ಎರಡೇ ದಿನ ಎಂದಿದ್ದರೆ ಬೇರೆ ತಂಡ ಹುಡುಕಿ. ಹವೆ ಕೆಟ್ಟರೆ ಕಾಯಲು ಒಂದು ಹೆಚ್ಚುವರಿ ದಿನ ಇದೆಯೆ ಎಂದೂ ಕೇಳಿ. ರೈಲಿನ ಟಿಕೆಟ್ಟೇ ಹೊತ್ತು ನಿಗದಿ ಮಾಡುವ ತಂಡದಲ್ಲಿ ಗೈಡಿನ ಮಾತು ನಡೆಯುವುದಿಲ್ಲ.

ಆಮೇಲೆ ಕರಾರು. ‘ಇಳಿಯಿರಿ ಎಂದಾಗ ಇಳಿಯುತ್ತೇವೆ, ವಾದಿಸುವುದಿಲ್ಲ’ ಎಂದು ಪ್ರತಿಯೊಬ್ಬರೂ ಮೊದಲೇ ಒಪ್ಪಬೇಕು. ನಮ್ಮಲ್ಲಿ ಇದು ಸುಲಭವಲ್ಲ. ಇಪ್ಪತ್ತೈದರ ಹುಡುಗ ನಿವೃತ್ತ ಮೇಷ್ಟರಿಗೆ ‘ಸಾರ್, ನೀವು ಹಿಂದಕ್ಕೆ ಹೋಗಿ’ ಎನ್ನಲು ನಾಚುತ್ತಾನೆ, ಮೇಷ್ಟರು ಕೇಳಲು ನಾಚುತ್ತಾರೆ. ಬೆಟ್ಟದ ಮೇಲೆ ಹಿರಿತನ ದಾರಿ ಬಲ್ಲವನದು ಎಂದು ಊರಿನಲ್ಲೇ ಒಪ್ಪಿಕೊಂಡರೆ ಇಬ್ಬರ ನಾಚಿಕೆಯೂ ತಪ್ಪುತ್ತದೆ.

‘ಇಷ್ಟು ಹೆದರಿಸಿದರೆ ಯಾರು ತಾನೆ ಹೋಗುತ್ತಾರೆ?’ ಎಂದು ನೀವು ಕೇಳಬಹುದು. ಹೋಗಿ. ಮಕ್ಕಳನ್ನು ಕಳಿಸಿ. ಬೆಟ್ಟ ಮೈಗೂ ಮನಸ್ಸಿಗೂ ಒಳ್ಳೆಯದು, ಹಿಮಾಲಯ ಕಾಣುವ ಆಸೆ ತಪ್ಪಲ್ಲ. ನನ್ನ ತಕರಾರು ಇರುವುದು ಶಿಖರದ ಫೋಟೋ ಒಂದಕ್ಕೇ ಹಾರ ಹಾಕುವ ನಮ್ಮ ರೂಢಿಯ ಬಗ್ಗೆ. ಶಿಖರ ಮುಟ್ಟಿದವರಿಗೆ ಊರ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟುತ್ತೇವೆ. ಇನ್ನೂರು ಮೀಟರ್ ಕೆಳಗೆ ಜೊತೆಗಾರನ ತೊದಲು ಮಾತು ಗಮನಿಸಿ ಅವನನ್ನು ಹಿಡಿದು ಇಳಿಸಿಕೊಂಡು ಬಂದ ಹುಡುಗಿಯನ್ನು ‘ಅಷ್ಟು ದೂರ ಹೋಗಿ ಬರೀ ಕೈಲಿ ಬಂದ್ಯಾ?’ ಎನ್ನುತ್ತೇವೆ. ಈ ಒಂದು ಮಾತಿನ ಭಯಕ್ಕೆ ತಲೆನೋವು ಮುಚ್ಚಿಟ್ಟು ಮೇಲೇರುವವರಿದ್ದಾರೆ.

ಆದ್ದರಿಂದ ಮನೆಯಲ್ಲಿ ಉಳಿಯುವವರಿಗೂ ಒಂದು ಕೆಲಸವಿದೆ. ಅಲ್ಲಿಂದ ಫೋನು ಸಿಕ್ಕಾಗ ‘ತುದಿ ಮುಟ್ಟಿದ್ಯಾ?’ ಎಂದು ಕೇಳಬೇಡಿ. ‘ಊಟ ಸೇರ್ತಾ ಮಗ? ತಲೆನೋವು ಇದ್ಯಾ? ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದ್ದೆ? ಗೈಡು ಏನಂದ್ರು?’ ಎಂದು ಕೇಳಿ. ಉತ್ತರ ತೊದಲಿದರೆ ಅಥವಾ ಒಂದನ್ನೇ ಎರಡೆರಡು ಸಲ ಹೇಳಿದರೆ, ಫೋನನ್ನು ಗೈಡಿನ ಕೈಗೆ ಕೊಡಲು ಹೇಳಿ.